ಹಳೇ ಬಂದರಿನ ಗೋದಾಮು: ನೀರಿನ ದಾರಿ ಹಿಡಿದು ದುರಸ್ತಿ ಮಾಡುವ ಬಗೆ

ಮಂಗಳೂರಿನ ಹಳೇ ಬಂದರು ಅಂದರೆ ನೇತ್ರಾವತಿ, ಗುರುಪುರ ಹೊಳೆಗಳೆರಡೂ ಸೇರಿ ಕಡಲಿಗೆ ಬೀಳುವ ಅಳಿವೆಯ ಒಳಮಗ್ಗುಲು. ಅಲ್ಲಿನ ಬೀದಿಗಳಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, ಹಂಚಿನ ಮಾಡು (ಚಾವಣಿ) ಇರುವ ಉದ್ದನೆಯ ಗೋದಾಮುಗಳು ಇಂದಿಗೂ ನಿಂತಿವೆ. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳ ಸರಕು ಅತ್ತ ಹೋಯಿತು. ಹಳೇ ಬಂದರಿಗೆ ಮೀನಿನ ದೋಣಿ ನಿಲ್ಲುವ ದಕ್ಕೆ, ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳೆಂಬ ಸರಕಿನ ದೋಣಿಗಳು ಉಳಿದವು. ಕೆಲವು ಗೋದಾಮುಗಳಲ್ಲಿ ಈಗಲೂ ವ್ಯಾಪಾರ ನಡೆಯುತ್ತಿದೆ, ಕೆಲವಕ್ಕೆ ಬೀಗ ಬಿದ್ದಿದೆ, ಇನ್ನು ಕೆಲವಕ್ಕೆ ಸಿಮೆಂಟು ಮೆತ್ತಿ, ತಗಡು ಹೊದಿಸಿ ರೂಪವೇ ಗುರುತು ಸಿಗದಂತಾಗಿದೆ. ಇಂಥ ಕಟ್ಟಡವೊಂದು ಕೈಯಲ್ಲಿದ್ದು ಅದನ್ನು ಉಳಿಸಿಕೊಳ್ಳಬೇಕು ಅನ್ನುವ ಮಾಲೀಕರಿಗೆ, ಬಾಡಿಗೆದಾರರಿಗೆ, ಕೆಲಸ ಹಿಡಿಯುವ ಮೇಸ್ತ್ರಿಗಳಿಗೆ ಈ ಕೈಪಿಡಿ.

ಶುರುವಿಗೇ ಒಂದು ಮಾತು ಮನಸ್ಸಿನಲ್ಲಿರಲಿ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿದು. ಈ ಕಟ್ಟಡಗಳನ್ನು ಕಟ್ಟಿದವರು ನೀರನ್ನು ಪೂರ್ತಿ ತಡೆಯುವ ಆಸೆ ಇಟ್ಟುಕೊಂಡಿರಲಿಲ್ಲ. ಹಂಚು ಒಂದಿಷ್ಟು ಕುಡಿಯುತ್ತದೆ, ಮುರಕಲ್ಲು ಒಂದಿಷ್ಟು ಕುಡಿಯುತ್ತದೆ, ಸುಣ್ಣ ಒಂದಿಷ್ಟು ಕುಡಿಯುತ್ತದೆ. ಮಳೆ ಬಿಟ್ಟೊಡನೆ ಗಾಳಿಗೆ ಅವೆಲ್ಲ ಕುಡಿದದ್ದನ್ನು ಬಿಟ್ಟುಕೊಡುತ್ತವೆ. ಹಾಳಾದ ಗೋದಾಮನ್ನು ಪರೀಕ್ಷಿಸಿದರೆ ಹೆಚ್ಚಿನ ಕಡೆ ಕಾಣುವ ಕಾರಣ ಒಂದೇ: ನೀರು ಹೊರಗೆ ಹೋಗುವ ದಾರಿಯನ್ನು ಯಾರೋ ಮುಚ್ಚಿದ್ದಾರೆ. ಹಾಗಾಗಿ ನೀರು ಇಳಿಯುವ ಕ್ರಮದಲ್ಲೇ, ಮಾಡಿನ ನೆತ್ತಿಯಿಂದ ಚರಂಡಿಯವರೆಗೆ, ಕಟ್ಟಡವನ್ನು ನೋಡುತ್ತ ಹೋಗಬೇಕು.

ಕಟ್ಟಡ ಯಾವ ಕೆಲಸಕ್ಕೆ ಕಟ್ಟಿದ್ದು?

ದುರಸ್ತಿಗೆ ಮುಂಚೆ ಇದನ್ನು ತಿಳಿಯಬೇಕು. ಯಾವ ಕಂಡಿ ಬೇಕೆಂದೇ ಬಿಟ್ಟದ್ದು, ಯಾವುದು ಆಮೇಲೆ ಒಡೆದದ್ದು ಅನ್ನುವುದು ಗೊತ್ತಾಗುವುದು ಇದರಿಂದಲೇ.

ಸರಕಿನ ಗೋದಾಮು ಅಗಲ ಕಡಿಮೆ, ಉದ್ದ ಹೆಚ್ಚು. ಮಾಡಿನ ಅಡ್ಡಮರಕ್ಕೆ ಸಿಗುವ ಮರದ ಉದ್ದವೇ ಅಗಲವನ್ನು ತೀರ್ಮಾನಿಸುತ್ತಿದ್ದುದರಿಂದ ಸಾಮಾನ್ಯವಾಗಿ 20ರಿಂದ 30 ಅಡಿ ಅಗಲ ಇರುತ್ತದೆ. ಕಿಟಕಿಗಳು ಚಿಕ್ಕವು, ಎತ್ತರದಲ್ಲಿರುತ್ತವೆ, ಕಬ್ಬಿಣದ ಸರಳು ಇರುತ್ತದೆ. ಗೋಣಿಯ ಅಟ್ಟಿ ಗೋಡೆಗೆ ತಾಗಿ ನಿಂತರೂ ಅದರ ಮೇಲಿಂದ ಗಾಳಿ ಆಡಲಿ ಅಂತ ಈ ಎತ್ತರ. ಮಹಡಿ ಇದ್ದರೆ ಹೊಳೆಯ ಕಡೆಯ ತ್ರಿಕೋನದ ಗೋಡೆಯಲ್ಲಿ ಬಾಗಿಲಿನಷ್ಟು ದೊಡ್ಡ ಕಂಡಿ, ಅದರ ಮೇಲೆ ಹೊರಚಾಚಿದ ತೊಲೆ ಇದೆಯೇ ನೋಡಿ. ಅದು ರಾಟೆ ಕಟ್ಟಿ ಸರಕು ಎತ್ತುತ್ತಿದ್ದ ಜಾಗ. ಆ ತೊಲೆ ಒಳಗಡೆ ಎಷ್ಟು ದೂರ ಹೋಗಿದೆ, ಯಾವುದಕ್ಕೆ ಬಿಗಿದಿದೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಬೇಡದ ಮರವೆಂದು ಕೊಯ್ದು ಹಾಕಿದರೆ ಗೋಡೆಯ ಆ ಜಾಗ ಸಡಿಲವಾಗುತ್ತದೆ.

ಹಂಚಿನ ಕಾರ್ಖಾನೆಯ ಲಕ್ಷಣ ಬೇರೆ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಮಂಗಳೂರು ಹಂಚು ಅಂತ ಲೋಕವೇ ಕರೆಯುವ ಹಂಚಿನ ಹುಟ್ಟು ಅಲ್ಲಿಂದ. ಆಮೇಲೆ ಬಂದ ಕಾರ್ಖಾನೆಗಳೂ ಹೊಳೆಯ ದಡವನ್ನೇ ಹಿಡಿದವು. ಜೇಡಿಮಣ್ಣು ಬರುವುದು ದೋಣಿಯಲ್ಲಿ, ಸೌದೆ ಬರುವುದು ದೋಣಿಯಲ್ಲಿ, ಬೆಂದ ಹಂಚು ಹೋಗುವುದೂ ದೋಣಿಯಲ್ಲಿ. ಇಂಥ ಕಟ್ಟಡದಲ್ಲಿ ಕೆಳಗೆ ಹಂಚು ಸುಡುವ ಗೂಡು, ಅದರ ಮೇಲೆ ಹಸಿ ಹಂಚು ಒಣಗಿಸುವ ಮರದ ಅಟ್ಟಗಳು, ಗೋಡೆಯ ಬದಲು ಓರೆ ಹಲಗೆಗಳ ಸಾಲು ಇರುತ್ತದೆ. ಗೂಡಿನ ಬಿಸಿ ಮೇಲೇರಿ ಹಂಚು ಒಣಗಬೇಕು, ಬಿಸಿಲು ನೇರವಾಗಿ ಬಿದ್ದು ಬಿರುಕು ಬಿಡಬಾರದು, ಅದಕ್ಕೇ ಈ ವ್ಯವಸ್ಥೆ. ಇಲ್ಲಿ ಓರೆ ಹಲಗೆ ಕಿತ್ತು ಇಟ್ಟಿಗೆ ಗೋಡೆ ಕಟ್ಟುವುದು ದೊಡ್ಡ ತಪ್ಪು. ಅಟ್ಟದ ಮರ ಗಾಳಿ ಸಿಗದೆ ಕೊಳೆಯಲು ಶುರುವಾಗುತ್ತದೆ. ಗೂಡಿನ ಕಮಾನಿನ ಮೇಲೆ ಭಾರ ಹೇರಬೇಡಿ. ಚಿಮಣಿಯ ಕೆಲಸಕ್ಕೆ ಅದನ್ನೇ ಬಲ್ಲ ಸ್ಟ್ರಕ್ಚರಲ್ ಇಂಜಿನಿಯರ್ ಬೇಕು, ಮೇಸ್ತ್ರಿಯ ಅಂದಾಜು ಸಾಲದು.

ಯಾವಾಗ, ಯಾವ ಸಾಮಾನಿನೊಂದಿಗೆ

ನೋಡುವ ಕಾಲ ಜೂನ್–ಜುಲೈ, ಕೆಲಸದ ಕಾಲ ನವೆಂಬರ್‌ನಿಂದ ಮಾರ್ಚ್. ಏಪ್ರಿಲ್‌ನಲ್ಲಿ ಗುಡುಗಿನ ಮಳೆ ಯಾವ ಸಂಜೆ ಬೇಕಾದರೂ ಬರಬಹುದು, ಆಗ ಮಾಡು ಬಿಚ್ಚಿಟ್ಟಿರಬಾರದು. ಸುಣ್ಣದ ಗಾರೆಯ ಕೆಲಸವಂತೂ ಮಾರ್ಚ್ ಮುಗಿಯುವುದರೊಳಗೆ ಆಗಲೇಬೇಕು. ಮಳೆಯ ಏಟು ಬೀಳುವ ಮುಂಚೆ ಅದಕ್ಕೆ ಕನಿಷ್ಠ ಎರಡು ತಿಂಗಳು ಸಿಕ್ಕರೆ ಒಳ್ಳೆಯದು.

ಬೇಕಾದ ಸಾಮಾನು ಹೆಚ್ಚೇನಿಲ್ಲ. 30 ಮೀಟರ್ ಟೇಪು, 5 ಮೀಟರ್ ಟೇಪು, ತೂಗುಗುಂಡು, ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು, ಟಾರ್ಚು, ಸಣ್ಣ ಮರದ ಸುತ್ತಿಗೆ, ಬಣ್ಣದ ಸೀಮೆಸುಣ್ಣ, 5 ಕೆ.ಜಿ. ತೂಗುವ ತಕ್ಕಡಿ, ಗೋಣಿ ಹೊಲಿಯುವ ದಬ್ಬಳ. ಮರ ಪರೀಕ್ಷೆಗೆ ದಬ್ಬಳಕ್ಕಿಂತ ಒಳ್ಳೆಯ ಉಪಕರಣ ಇಲ್ಲ.

ಜೋರು ಮಳೆಯ ದಿನ ಒಳಗೆ ನಿಂತು ಎಲ್ಲೆಲ್ಲಿ ಸೋರುತ್ತದೋ ಅಲ್ಲೆಲ್ಲ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹತ್ತಿರದ ಪಕ್ಕಾಸಿನ (ನೆತ್ತಿಯಿಂದ ಸೂರಿಗೆ ಇಳಿಯುವ ಓರೆ ಮರದ) ಸಂಖ್ಯೆ ಬರೆಯಿರಿ. ನೀರು ಬೀಳುವ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ಹಂಚಿನಡಿಯಿಂದ ಇಳಿದ ನೀರು ರೀಪಿಗೆ (ಹಂಚು ಕೂರುವ ಅಡ್ಡಪಟ್ಟಿಗೆ) ಸಿಕ್ಕಿ, ಪಕ್ಕಾಸು ಹಿಡಿದು ಎಷ್ಟೋ ಅಡಿ ಜಾರಿ ಬಂದು ಬೀಳುತ್ತದೆ. ಗುರುತಿನಿಂದ ಮಾಡಿನ ಏರಿನ ಕಡೆಗೆ ಟಾರ್ಚು ಹಾಯಿಸುತ್ತ ಹೋದರೆ ಒದ್ದೆಯ ಗೆರೆ ಶುರುವಾದ ಜಾಗ ಸಿಗುತ್ತದೆ.

ಅಳತೆ

ನಾಲ್ಕು ಮೂಲೆಯ ಕರ್ಣಗಳೆರಡನ್ನೂ ಅಳೆಯಿರಿ. ಹಳೇ ಗೋದಾಮುಗಳು ಬೀದಿಯ, ದಡದ ಓರೆಗೆ ಹೊಂದಿಕೊಂಡು ಕಟ್ಟಿದವಾದ್ದರಿಂದ ಕರ್ಣಗಳಲ್ಲಿ ವ್ಯತ್ಯಾಸ ಇದ್ದರೆ ಗಾಬರಿ ಬೇಡ, ಆದರೆ ಹಂಚಿನ ಸಾಲು ಹಾಕುವಾಗ ಅದು ಬೇಕಾಗುತ್ತದೆ. ಉದ್ದ ಗೋಡೆಗೆ ಪ್ರತಿ 10 ಅಡಿಗೊಮ್ಮೆ ತೂಗುಗುಂಡು ಇಳಿಬಿಟ್ಟು, ಮೇಲೆ, ನಡುವೆ, ಕೆಳಗೆ ಗೋಡೆಗೂ ದಾರಕ್ಕೂ ಇರುವ ಅಂತರ ಬರೆಯಿರಿ. ಗೋಡೆಯ ತಲೆ ಹೊರಕ್ಕೆ ವಾಲಿದ್ದರೆ, ಆ ಜಾಗದಲ್ಲಿ ಮಾಡು ಹೊರುವ ತ್ರಿಕೋನದ ಮರದ ಚೌಕಟ್ಟಾದ ಟ್ರಸ್‌ನ ಅಡ್ಡಮರದ ತುದಿ ಕೊಳೆತಿದೆ ಅಂತ ಅರ್ಧ ಖಚಿತ. ವಾಲಿದ ಅಂತರ ಗೋಡೆಯ ದಪ್ಪದ ಆರನೇ ಒಂದು ಭಾಗ ಮೀರಿದರೆ, ಅಂದರೆ 18 ಇಂಚಿನ ಗೋಡೆಗೆ 3 ಇಂಚು ದಾಟಿದರೆ, ಒಂದು ಹಂಚನ್ನೂ ಮುಟ್ಟುವ ಮೊದಲು ಇಂಜಿನಿಯರ್ ಬಂದು ನೋಡಲಿ.

ಮಾಡಿನ ಇಳಿಜಾರು ಅಳೆಯಲು 1 ಮೀಟರ್ ಪಟ್ಟಿಯನ್ನು ಮಟ್ಟವಾಗಿ ಹಿಡಿದು, ಅದರ ತುದಿಯಿಂದ ಪಕ್ಕಾಸಿಗೆ ನೆಟ್ಟಗೆ ಎಷ್ಟು ಅಂತರ ಅಂತ ನೋಡಿ. 58 ಸೆಂ.ಮೀ. ಇದ್ದರೆ 30 ಡಿಗ್ರಿ. 50 ಸೆಂ.ಮೀ.ಗಿಂತ ಕಡಿಮೆ ಇಳಿಜಾರಿದ್ದರೆ ಕಡಲ ಗಾಳಿ ಮಳೆಯನ್ನು ಹಂಚಿನ ಸಂದಿಯಲ್ಲಿ ಮೇಲಕ್ಕೆ ತಳ್ಳುತ್ತದೆ. ಎಷ್ಟು ಒಳ್ಳೆಯ ಹಂಚು ಹಾಕಿದರೂ ಆ ಮಾಡು ಸೋರುವುದು ನಿಲ್ಲುವುದಿಲ್ಲ.

ಮಾಡು

ಕೆಲಸದ ಮುಕ್ಕಾಲು ಪಾಲು ಇಲ್ಲಿದೆ. ಮೊದಲು ಲೆಕ್ಕ. 60 ಅಡಿ ಉದ್ದ, 24 ಅಡಿ ಅಗಲ, 30 ಡಿಗ್ರಿ ಇಳಿಜಾರಿನ ಗೋದಾಮು ಅಂತಿಟ್ಟುಕೊಳ್ಳಿ. ಸುತ್ತ 2 ಅಡಿ ಸೂರು ಚಾಚಿದೆ. ಅರ್ಧ ಅಗಲ 12, ಸೂರು 2, ಒಟ್ಟು 14 ಅಡಿ. ಇಳಿಜಾರಿನ ಮೇಲೆ ಅದು 16 ಅಡಿ 2 ಇಂಚು ಆಗುತ್ತದೆ. ಉದ್ದ ಸೂರು ಸೇರಿ 64 ಅಡಿ. ಎರಡೂ ಬದಿ ಕೂಡಿದರೆ ಸುಮಾರು 2,070 ಚದರಡಿ. 100 ಚದರಡಿಗೆ 140 ಹಂಚಿನಂತೆ 2,900 ಹಂಚು. ಒಡೆಯುವುದಕ್ಕೆ, ತುದಿ ಕತ್ತರಿಸುವುದಕ್ಕೆ ನೂರಕ್ಕೆ ಎಂಟು ಸೇರಿಸಿ 3,130 ಇಟ್ಟುಕೊಳ್ಳಿ. ಹಂಚು ತಲಾ ಎರಡೂವರೆ ಕೆ.ಜಿ. ತೂಗಿದರೆ ಮಾಡಿನ ಮೇಲೆ 7 ಟನ್ನಿಗೂ ಹೆಚ್ಚು ಭಾರ. ಆಷಾಢದ ಮಳೆಗೆ ನೆನೆದಾಗ ಇನ್ನೂ ಒಂದು ಟನ್ ನೀರು ಹಂಚಿನೊಳಗೇ ಕೂತಿರುತ್ತದೆ. ಹಂಚಿನ ಬದಲು ಹಗುರದ ತಗಡು ಹಾಕಿದರೆ ಮರಕ್ಕೆ ಸುಖ ಅನ್ನಿಸಬಹುದು. ಆದರೆ ಗೋಡೆಯ ತಲೆಯನ್ನು ಒತ್ತಿ ಹಿಡಿದಿದ್ದ ಭಾರ ಹೋಗಿ, ಗಾಳಿಗೆ ಇಡೀ ಮಾಡೇ ಮೇಲೇಳಲು ನೋಡುತ್ತದೆ. ಬೇಸಗೆಯಲ್ಲಿ ಒಳಗೆ ನಿಲ್ಲಲಾಗದ ಸೆಕೆ ಬೇರೆ.

ಹಂಚು ಇಳಿಸುವಾಗ ನೆತ್ತಿಯಿಂದ ಶುರುಮಾಡಿ, ಎರಡೂ ಬದಿಯಲ್ಲಿ ಸರಿಸಮನಾಗಿ ಬನ್ನಿ. ಒಂದು ಬದಿ ಪೂರ್ತಿ ಬರಿದು ಮಾಡಿ ಇನ್ನೊಂದು ಬದಿಗೆ ಭಾರ ಬಿಟ್ಟರೆ ಟ್ರಸ್ ವಾಲುತ್ತದೆ, ಹಳೇ ಜೋಡಣೆಗಳು ಕಿರುಗುಟ್ಟಿ ಬಿಟ್ಟುಕೊಳ್ಳುತ್ತವೆ. ಇಳಿಸಿದ ಹಂಚನ್ನು ಮಲಗಿಸಿ ಪೇರಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ ಸಾಲು ಮಾಡಿ. ತೆಂಗಿನ ನಾರಿನ ಬ್ರಷ್ಷು, ಬರೀ ನೀರು ಹಾಕಿ ಪಾಚಿ ತಿಕ್ಕಿದರೆ ಸಾಕು. ಪ್ರೆಶರ್ ಪಂಪಿನ ನೀರು ಹೊಡೆದರೆ ಹಂಚಿನ ಸುಟ್ಟ ಮೇಲ್ಪದರ ಎದ್ದುಹೋಗುತ್ತದೆ, ಆಮೇಲೆ ಪಾಚಿ ಎರಡರಷ್ಟು ಬೇಗ ಬರುತ್ತದೆ.

ಈಗ ಆರಿಸುವ ಕೆಲಸ. ಹಂಚನ್ನು ಒಂದು ಕೈಯಲ್ಲಿ ಸಡಿಲವಾಗಿ ತೂಗಾಡುವಂತೆ ಹಿಡಿದು, ಬೆರಳ ಗೆಣ್ಣಿನಿಂದ ನಡುವೆ ತಟ್ಟಿ. ಗಂಟೆಯಂತೆ ಕಣಕಣ ಅಂದರೆ ಗಟ್ಟಿ. ಬೊದ್ದು ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕು ಇದೆ, ಪಕ್ಕಕ್ಕಿಡಿ. ಒಂದು ದಿನ ಕೂತು ತಟ್ಟಿದರೆ ಕಿವಿ ತಾನಾಗಿ ಪಳಗುತ್ತದೆ. ಹೊಸ ಹಂಚು ಕೊಳ್ಳುವುದಾದರೆ ಆರು ಹಂಚನ್ನು ಮೂರು ದಿನ ಬಿಸಿಲಿಗಿಟ್ಟು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಎರಡೂವರೆ ಕೆ.ಜಿ. ಇದ್ದದ್ದು ಮೂರು ಕೆ.ಜಿ. ದಾಟಿದರೆ ಆ ಲೋಡು ಬೇಡ.

ಹಂಚಿನ ಅಡಿಭಾಗದಲ್ಲಿ ಕಾರ್ಖಾನೆಯ ಹೆಸರು, ಮುದ್ರೆ ಒತ್ತಿರುತ್ತದೆ. ಒಂದೊಂದು ಮುದ್ರೆಯ ಹಂಚನ್ನು ಬೇರೆ ಬೇರೆ ಪೇರಿಸಿ. ಇದು ಇತಿಹಾಸದ ಪ್ರೀತಿಗಾಗಿ ಮಾತ್ರ ಹೇಳುವುದಲ್ಲ. ಒಂದೊಂದು ಕಾರ್ಖಾನೆಯ ಅಚ್ಚಿನಲ್ಲಿ ಪಕ್ಕದ ಗಾಡಿಯ (ಹಂಚಿಗೆ ಹಂಚು ಸಿಕ್ಕಿಕೊಳ್ಳುವ ತೋಡಿನ) ಆಳ, ಮೇಲಿನ ತುಟಿಯ ಎತ್ತರ ಕೂದಲೆಳೆಯಷ್ಟು ಬೇರೆ. ಬೆರೆಸಿ ಹಾಕಿದರೆ ಹಂಚು ಸರಿಯಾಗಿ ಕೂರುವುದಿಲ್ಲ, ಒಂದು ಮೂಲೆ ಎದ್ದೇ ಇರುತ್ತದೆ, ಪಶ್ಚಿಮದ ಗಾಳಿಗೆ ಅಲ್ಲೇ ನೀರು ನುಗ್ಗುತ್ತದೆ. ಹೆಚ್ಚು ಇರುವ ಮುದ್ರೆಯ ಹಂಚನ್ನು ಕಡಲ ಕಡೆಯ ಇಳಿಜಾರಿಗೆ ಒಟ್ಟಾಗಿ ಹಾಕಿ, ಚಿಲ್ಲರೆ ಮುದ್ರೆಗಳನ್ನು ಪೂರ್ವದ ಬದಿಗೆ ಒಂದೊಂದು ಪಟ್ಟೆಯಾಗಿ ಹಾಕಿ.

ರೀಪಿನ ಅಂತರವನ್ನು ಪುಸ್ತಕ ನೋಡಿ ಹಾಕಬೇಡಿ, ನಿಮ್ಮ ಹಂಚನ್ನೇ ಕೇಳಿ. 12 ಹಂಚನ್ನು ನೆಲದ ಮೇಲೆ ಬೋರಲಾಗಿ, ಒಂದಕ್ಕೊಂದು ಸಿಕ್ಕಿಸಿ ಉದ್ದಕ್ಕೆ ಇಡಿ. ಪೂರ್ತಿ ಒತ್ತಿ, 10 ಹಂಚಿನ ಉದ್ದ ಅಳೆಯಿರಿ. ಬಳಿಕ ಗಾಡಿ ಬಿಡದಷ್ಟು ಎಳೆದು ಮತ್ತೆ ಅಳೆಯಿರಿ. ಎರಡನ್ನೂ ಕೂಡಿಸಿ 20ರಿಂದ ಭಾಗಿಸಿದರೆ ಬರುವುದೇ ರೀಪಿನ ಅಂತರ. ಸಾಮಾನ್ಯವಾಗಿ ಇದು 32 ಸೆಂ.ಮೀ. ಆಸುಪಾಸು ಬರುತ್ತದೆ. ರೀಪು ಸೂರಿನಿಂದ ಮೇಲಕ್ಕೆ ಹೊಡೆಯುತ್ತ ಹೋಗಬೇಕು. ಸೂರಿನ ಮೊದಲ ರೀಪು ಉಳಿದವುಗಳಿಗಿಂತ ಒಂದು ಹಂಚಿನ ದಪ್ಪದಷ್ಟು ಎತ್ತರ ಇರಲಿ. ಮೇಲಿನ ಸಾಲುಗಳಿಗೆ ಕೆಳಗಿನ ಹಂಚು ದಿಂಬಾಗುತ್ತದೆ, ಮೊದಲ ಸಾಲಿಗೆ ಆ ದಿಂಬಿಲ್ಲ. ಎತ್ತರ ಕೊಡದಿದ್ದರೆ ಸೂರಿನ ಹಂಚು ತಲೆ ತಗ್ಗಿಸಿ, ಎರಡನೇ ಸಾಲಿನ ಸಂದಿ ಬಾಯಿ ಬಿಡುತ್ತದೆ.

ಹಂಚಿನ ಅಡಿಯಲ್ಲಿ ಉಬ್ಬಿದ ಗುಬ್ಬಿಯಲ್ಲಿ ತಂತಿ ಪೋಣಿಸುವ ತೂತು ಇರುತ್ತದೆ. ಸೂರಿನ ಎರಡು ಸಾಲು, ತ್ರಿಕೋನ ಗೋಡೆಯ ಅಂಚಿನ ಎರಡು ಸಾಲು, ನೆತ್ತಿಯ ಕೆಳಗಿನ ಸಾಲು, ಇಷ್ಟನ್ನು ತಾಮ್ರದ ತಂತಿಯಿಂದ ರೀಪಿಗೆ ಕಟ್ಟಿ. ಬರೀ ಕಬ್ಬಿಣದ ತಂತಿ ಅಳಿವೆಯ ಉಪ್ಪುಗಾಳಿಗೆ ಕೆಲವೇ ವರ್ಷದಲ್ಲಿ ಪುಡಿಯಾಗುತ್ತದೆ.

ನೆತ್ತಿಗೆ ಕೂರುವ ಮೂಲೆ ಹಂಚನ್ನು ಸಿಮೆಂಟಿನಲ್ಲಿ ಕೂರಿಸುವುದು ಈಗ ರೂಢಿಯಾಗಿಬಿಟ್ಟಿದೆ. ಮಾಡಿನ ಮರ ಮಳೆಗೆ ಹಿಗ್ಗಿ, ಬಿಸಿಲಿಗೆ ಕುಗ್ಗುತ್ತದೆ. ಸಿಮೆಂಟು ಅದರೊಂದಿಗೆ ಆಡುವುದಿಲ್ಲ, ಹಂಚಿಗೂ ಗಾರೆಗೂ ನಡುವೆ ಕೂದಲೆಳೆಯ ಸೀಳು ಬಿಡುತ್ತದೆ. ಆ ಸೀಳು ನೀರು ಹೀರಿ ನೇರ ನೆತ್ತಿಯ ಮರಕ್ಕೆ ಕೊಡುತ್ತದೆ. ಮುಂದೆ ಬಿಚ್ಚಬೇಕಾದಾಗ ಮೂಲೆ ಹಂಚು ಒಂದೂ ಇಡಿಯಾಗಿ ಬರುವುದಿಲ್ಲ. ಸುಣ್ಣ, ಸುರ್ಕಿ (ಸುಟ್ಟ ಮಣ್ಣಿನ ಪುಡಿ), ಮರಳಿನ ಗಾರೆಯೇ ಇಲ್ಲಿ ಸರಿ, ಅದರ ಪ್ರಮಾಣ ಮುಂದೆ ಬರುತ್ತದೆ. ಎರಡು ಮಾಡು ಕೂಡುವ ತಗ್ಗಿನಲ್ಲಿ ತಾಮ್ರದ ತಗಡು ಹಾಕಿ, ಎರಡೂ ಕಡೆ ಹಂಚಿನಡಿಗೆ ಕನಿಷ್ಠ 8 ಇಂಚು ಹೋಗಲಿ. ಅಂಚನ್ನು ಅರ್ಧ ಇಂಚು ಮೇಲಕ್ಕೆ ಮಡಚಿ, ನೀರು ಅಡ್ಡ ಹರಿಯದಂತೆ ತಡೆಯಿರಿ.

ಹಂಚಿನಡಿಗೆ ಪ್ಲಾಸ್ಟಿಕ್ ಹಾಳೆ ಹಾಸುವ ಸಲಹೆ ಯಾರಾದರೂ ಕೊಡುತ್ತಾರೆ. ಹಾಳೆಯನ್ನು ನೇರ ಪಕ್ಕಾಸಿನ ಮೇಲೆ ಎಳೆದು ರೀಪು ಹೊಡೆದರೆ, ಇಳಿದ ನೀರು ರೀಪಿನ ಬೆನ್ನಿಗೆ ಕಟ್ಟಿ ನಿಂತು ಅದನ್ನು ಕೊಳೆಸುತ್ತದೆ. ಹಾಕಲೇಬೇಕಾದರೆ ಹಾಳೆಯ ಮೇಲೆ ಪಕ್ಕಾಸಿನ ಉದ್ದಕ್ಕೆ ಒಂದು ಇಂಚಿನ ಪಟ್ಟಿ ಹೊಡೆದು, ಅದರ ಮೇಲೆ ಅಡ್ಡ ರೀಪು ಹೊಡೆಯಿರಿ. ನೀರಿಗೂ ಗಾಳಿಗೂ ಆಗ ದಾರಿ ಇರುತ್ತದೆ. ಹಂಚಿಗೆ ಕೆಂಪು ಬಣ್ಣ ಬಳಿಯುವುದು ಬೇಡವೇ ಬೇಡ. ಬೆಳಕಿಗೆ ಗಾಜಿನ ಹಂಚು ಮೊದಲಿದ್ದ ಜಾಗದಲ್ಲೇ ಹಾಕಿ.

ಟ್ರಸ್ ಮತ್ತು ಮರ

ಗೋದಾಮಿನ ಟ್ರಸ್‌ನಲ್ಲಿ ಕೆಳಗೊಂದು ಅಡ್ಡಮರ, ಎರಡು ಓರೆ ಮರ, ನಡುವೆ ಒಂದು ನೆಟ್ಟನೆಯ ಮರ, ಅದರ ಬುಡದಿಂದ ಎರಡು ಕೈಮರ ಇರುತ್ತವೆ. ನಡುವಿನ ಮರ ಮಾಡನ್ನು ಹೊತ್ತು ನಿಂತಂತೆ ಕಾಣುತ್ತದೆ. ನಿಜದಲ್ಲಿ ಅದು ಓರೆ ಮರಗಳ ತಲೆಯಿಂದ ತೂಗುಬಿದ್ದು, ಅಡ್ಡಮರ ಬಾಗದಂತೆ ಮೇಲಕ್ಕೆ ಎಳೆದು ಹಿಡಿದಿರುತ್ತದೆ. ಅದರ ಬುಡದ ಕಬ್ಬಿಣದ ಪಟ್ಟಿ ಬಿಚ್ಚಿದರೆ ಅಡ್ಡಮರ ತೂಗುತ್ತದೆ. ಅಡ್ಡಮರವಾದರೋ ಎರಡು ಗೋಡೆಗಳನ್ನು ಹೊರಕ್ಕೆ ಬೀಳದಂತೆ ಹಿಡಿದ ಹಗ್ಗ. ಲಾರಿ ಒಳಗೆ ಬರಬೇಕೆಂದು ಅದನ್ನು ಕೊಯ್ದ ಕಡೆ ಗೋಡೆಯ ತಲೆ ಹೊರಕ್ಕೆ ಹೋಗುವುದು ಬರೀ ಕಾಲದ ಪ್ರಶ್ನೆ.

ಕೊಳೆ ಶುರುವಾಗುವುದು ಅಡ್ಡಮರ ಗೋಡೆಯೊಳಗೆ ಹೋಗುವ ತುದಿಯಲ್ಲಿ. ಅಲ್ಲಿ ದಬ್ಬಳವನ್ನು ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ ಒತ್ತಿ ನೋಡಿ. ತೇಗ, ಬೋಗಿ, ಮತ್ತಿಯಂಥ ಗಟ್ಟಿ ಮರಕ್ಕೆ ಕೈಬಲದಿಂದ ಒತ್ತಿದರೆ ಮೊನೆ ಒಂದೆರಡು ಮಿ.ಮೀ. ಮಾತ್ರ ಹೋಗಬೇಕು. ಸಲೀಸಾಗಿ ಅರ್ಧ ಇಂಚು ಇಳಿದು, ಹೊರಗೆಳೆದಾಗ ಮೊನೆಯಲ್ಲಿ ಒದ್ದೆ ಕಂದು ಪುಡಿ ಬಂದರೆ ಆ ತುದಿ ಹೋಯಿತು. ಮೇಲಿನಿಂದ ಗಟ್ಟಿ, ಕೆಳಗಿನಿಂದ ಮೆದು ಇರುವುದೂ ಉಂಟು. ಅಂಥ ಕಡೆ ಗೋಡೆಯಿಂದ ಏರಿದ ತೇವ ಕಾರಣ, ಮಾಡು ಎಷ್ಟು ಸರಿಮಾಡಿದರೂ ಅದು ನಿಲ್ಲುವುದಿಲ್ಲ.

ತುದಿ ಮಾತ್ರ ಹೋಗಿದ್ದರೆ ಇಡೀ ಮರ ಬದಲಿಸಬೇಡಿ. ಹೀಗೆ ಮಾಡಿ:

1. ಮೊದಲು ಮಾಡಿನ ಆ ಭಾಗದ ಹಂಚು ಇಳಿಸಿ. ಅಡ್ಡಮರ ಮತ್ತು ಓರೆ ಮರ ಕೂಡುವ ಜಾಗದ ಒಳಬದಿಗೆ ಎರಡು ಊರೆ (ನೆಟ್ಟನೆಯ ಆಸರೆ ಮರ) ಕೊಡಿ. ಊರೆಯ ಬುಡಕ್ಕೆ 2 ಇಂಚು ದಪ್ಪದ ಉದ್ದ ಹಲಗೆ ಹಾಸಿ, ಬೆಣೆ ಬಡಿದು ಬಿಗಿಮಾಡಿ. ಮೇಲೆತ್ತುವ ಆಸೆ ಬೇಡ, ಭಾರ ಹಿಡಿದರೆ ಸಾಕು.
2. ಕೊಳೆತ ಭಾಗ ದಾಟಿ, ಗಟ್ಟಿ ಮರ ಸಿಕ್ಕಿದ ಮೇಲೆ ಇನ್ನೂ ಒಂದು ಅಡಿ ಬಿಟ್ಟು ಓರೆಯಾಗಿ ಕೊಯ್ಯಿರಿ. ಓರೆ ಜೋಡಣೆಯ ಉದ್ದ ಮರದ ಎತ್ತರದ ನಾಲ್ಕು ಪಟ್ಟು ಇರಲಿ. 9 ಇಂಚಿನ ಮರಕ್ಕೆ 3 ಅಡಿ.
3. ಅದೇ ಜಾತಿಯ, ಚೆನ್ನಾಗಿ ಒಣಗಿದ ಮರ ಕೂಡಿಸಿ, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಹಾಕಿ. ಅಡ್ಡಮರ ಎಳೆತಕ್ಕೆ ಕೆಲಸ ಮಾಡುವುದರಿಂದ ಬೋಲ್ಟಿನ ಸಂಖ್ಯೆ, ಗಾತ್ರವನ್ನು ಇಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು.
4. ಗೋಡೆಯೊಳಗೆ ತುದಿಯನ್ನು ಕರಿಕಲ್ಲಿನ ಚಪ್ಪಡಿಯ ಮೇಲೆ ಕೂರಿಸಿ, ಪಕ್ಕ, ಹಿಂದೆ, ಮೇಲೆ ಅರ್ಧ ಇಂಚು ಗಾಳಿ ಬಿಡಿ. ಸುತ್ತ ಗಾರೆ ತುಂಬಿದರೆ ಅದೇ ಕೊಳೆ ಮತ್ತೆ ಬರುತ್ತದೆ.

ಗೆದ್ದಲಿಗೆ, ಹುಳಕ್ಕೆ ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಹಳೆಯದು, ಈಗಲೂ ಒಳ್ಳೆಯದೇ. ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ, ಆದ್ದರಿಂದ ಕೈಗವಸು, ಪೂರ್ತಿ ತೋಳಿನ ಅಂಗಿ ಬೇಕು. ಮರ ಒಣಗಿರುವಾಗ ಮಾತ್ರ ಬಳಿಯಿರಿ.

ಗೋಡೆ

ಗಾರೆಯನ್ನು ಉಗುರಿನಿಂದ ಕೆರೆದು ನೋಡಿ. ಪುಡಿ ಉದುರಿ, ನಡುವೆ ಅರೆಬೆಂದ ಮರುವಾಯಿ ಚಿಪ್ಪಿನ ಬಿಳಿ ಚೂರು ಮಿನುಗಿದರೆ ಅದು ಮೂಲದ ಚಿಪ್ಪಿನ ಸುಣ್ಣ. ಬೂದುಬಣ್ಣ, ಉಗುರು ಸವೆದರೂ ಕೆರೆಯದಷ್ಟು ಗಡುಸು ಇದ್ದರೆ ಆಮೇಲೆ ಬಂದ ಸಿಮೆಂಟು. ಅಂಥ ಗೋಡೆಯಲ್ಲಿ ಒಂದು ವಿಚಿತ್ರ ನೋಟ ಕಾಣುತ್ತದೆ: ಸಂದಿಯ ಸಿಮೆಂಟು ಜೇನುಹುಟ್ಟಿನ ಗೋಡೆಯಂತೆ ಎದ್ದು ನಿಂತಿರುತ್ತದೆ, ನಡುವಿನ ಕಲ್ಲು ಎರಡು ಇಂಚು ಒಳಕ್ಕೆ ಸವೆದಿರುತ್ತದೆ. ಮುರಕಲ್ಲು ಮೆದು, ತೂತುತೂತು. ಅದು ಕುಡಿದ ನೀರು ಮೊದಲು ಸುಣ್ಣದ ಸಂದಿಯಿಂದ ಹೊರಹೋಗುತ್ತಿತ್ತು. ಸಿಮೆಂಟು ಆ ಬಾಗಿಲು ಮುಚ್ಚಿದ್ದರಿಂದ ನೀರು ಕಲ್ಲಿನ ಮುಖದಿಂದಲೇ ಹೊರಡಬೇಕಾಯಿತು. ಅಳಿವೆಯ ನೀರಿನ ಉಪ್ಪು ಅಲ್ಲೇ ಹರಳುಗಟ್ಟಿ, ಕಲ್ಲನ್ನು ಕಣಕಣವಾಗಿ ಉದುರಿಸಿತು.

ಆ ಸಿಮೆಂಟನ್ನು ತೆಗೆಯಲು ಚಾಣ, ಸುತ್ತಿಗೆ, ತಾಳ್ಮೆ ಬೇಕು. ಗ್ರೈಂಡರ್ ಹಾಕಿದರೆ ಮೇಲೂ ಕೆಳಗೂ ಕಲ್ಲಿನ ಅಂಚು ಕತ್ತರಿಸಿಹೋಗುತ್ತದೆ. ಸಂದಿಯ ಅಗಲದ ಎರಡು ಪಟ್ಟು ಆಳ ತೆಗೆದು, ಧೂಳು ಬ್ರಷ್ಷಿನಿಂದ ಗುಡಿಸಿ, ಹಿಂದಿನ ದಿನವೇ ಗೋಡೆಗೆ ನೀರು ಚಿಮುಕಿಸಿಡಿ. ಒಣ ಗೋಡೆ ಗಾರೆಯ ನೀರನ್ನು ಹೀರಿಬಿಟ್ಟರೆ ಗಾರೆ ಪುಡಿಯಾಗುತ್ತದೆ.

ಗಾರೆಯ ಪ್ರಮಾಣ: ಕಳಿತ (ನೀರಿನಲ್ಲಿ ಅರಳಿಸಿದ) ಸುಣ್ಣ 1 ಬುಟ್ಟಿ, ಸುರ್ಕಿ 1 ಬುಟ್ಟಿ, ಮರಳು 2 ಬುಟ್ಟಿ. ಚಿಪ್ಪಿನ ಸುಣ್ಣ ಬಹಳ ಶುದ್ಧ. ಹಾಗಾಗಿ ಅದು ಗಾಳಿಯಿಂದಷ್ಟೇ ಗಟ್ಟಿಯಾಗಬಲ್ಲದು, ನಮ್ಮ ತೇವದ ಹವೆಯಲ್ಲಿ ಅದಕ್ಕೆ ಬಹಳ ಕಾಲ ಹಿಡಿಯುತ್ತದೆ. ಸುಟ್ಟ ಮಣ್ಣಿನ ಪುಡಿ ಬೆರೆತರೆ ಒದ್ದೆಯಲ್ಲೂ ಹಿಡಿದುಕೊಳ್ಳುತ್ತದೆ. ಸುರ್ಕಿಗೆ ಬೇರೆಲ್ಲೂ ಹೋಗಬೇಕಿಲ್ಲ. ಮಾಡಿನಿಂದ ಇಳಿದ ಬೊದ್ದು ಹಂಚನ್ನೇ ಕುಟ್ಟಿ ಜರಡಿ ಹಿಡಿಯಿರಿ. ಕರಕಲಾಗುವಷ್ಟು ಬೆಂದ ಹಂಚಿಗಿಂತ ಮೆದುವಾಗಿ ಬೆಂದದ್ದು ಉತ್ತಮ. ಮರಳು ಹೊಳೆಯ ಮೇಲ್ಭಾಗದ್ದಾಗಿರಬೇಕು. ಒಂದು ಹಿಡಿ ಮರಳನ್ನು ಲೋಟದ ನೀರಿನಲ್ಲಿ ಕದಡಿ ತಿಳಿಯಾದ ಮೇಲೆ ನಾಲಗೆಗೆ ತಾಗಿಸಿ. ಉಪ್ಪು ಅನ್ನಿಸಿದರೆ ಆ ಲೋಡು ವಾಪಸ್ಸು ಕಳಿಸಿ.

ಸುಟ್ಟ ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಯಾರೂ ಹತ್ತಿರ ನಿಲ್ಲಬಾರದು. ಕಳಿತ ಸುಣ್ಣ ನೀರಿನಡಿಯಲ್ಲಿ ಮೂರು ವಾರವಾದರೂ ಇರಲಿ, ಹೆಚ್ಚಿದ್ದಷ್ಟೂ ಬೆಣ್ಣೆಯಾಗುತ್ತದೆ. ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕುವ ಪದ್ಧತಿ ಇದೆ. ಅಂದಾಜು ಬಲ್ಲ ಮೇಸ್ತ್ರಿ ಇದ್ದರೆ ಹಾಕಲಿ. ಬೆಲ್ಲ ಹೆಚ್ಚಾದರೆ ಗಾರೆ ದಿನಗಟ್ಟಲೆ ಹಿಡಿಯದೆ ಹಸಿಯಾಗೇ ಉಳಿಯುತ್ತದೆ. ಸಂದಿ ತುಂಬಿದ ಮೇಲೆ ಒದ್ದೆ ಗೋಣಿ ಇಳಿಬಿಟ್ಟು ಎರಡು ವಾರ ತಂಪಾಗಿಡಿ.

ಕಲ್ಲು ಬದಲಿಸಬೇಕಾದ ಕಡೆ, ಕೊಯ್ದು ಒಂದು ಮಳೆಗಾಲ ಹೊರಗೆ ನಿಂತ ಕಲ್ಲು ತನ್ನಿ. ಮುರಕಲ್ಲು ಗಾಳಿ–ಬಿಸಿಲಿಗೆ ಗಟ್ಟಿಯಾಗುವ ಕಲ್ಲು. ಹಸಿ ಕಲ್ಲಿನಲ್ಲಿ ಬಿಳಿ ಜೇಡಿಯ ಗೂಡುಗಳಿದ್ದರೆ ಮೊದಲ ಮಳೆಗೇ ತೊಳೆದುಹೋಗಿ ತೂತಾಗುತ್ತದೆ. ಈಗ ಮಾರುವ ಕಲ್ಲು ಹಳೆಯದಕ್ಕಿಂತ ಚಿಕ್ಕದು. ದೊಡ್ಡ ಅಳತೆ ಹೇಳಿ ಕೊಯ್ಯಿಸಿ, ಸಾಲು ತಪ್ಪದಂತೆ ಕೂರಿಸಿ.

ಗೋಡೆಯ ಸಂದಿಯಲ್ಲಿ ಗೋಳಿಯದೋ ಅಶ್ವತ್ಥದ್ದೋ ಗಿಡ ಬೇರು ಬಿಟ್ಟಿದ್ದರೆ ಎಳೆದು ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕೊಯ್ದು, ಹಸಿ ಗಾಯಕ್ಕೇ ಕಳೆನಾಶಕ ಬಳಿದು, ಬೇರು ಸತ್ತು ಒಣಗಿದ ಮೇಲೆ ಬಿಡಿಸಿ ಗಾರೆ ತುಂಬಿ. ಗೋಡೆಗೆ ಬಣ್ಣ ಸುಣ್ಣದ್ದೇ ಇರಲಿ. ಹಾಲಿನಷ್ಟು ತೆಳ್ಳಗೆ ಮಾಡಿ ನಾಲ್ಕು ಸಲ ಬಳಿಯಿರಿ.

ನೆಲ, ಚರಂಡಿ

ಬಂದರಿನ ಬೀದಿಗಳಿಗೆ ಡಾಂಬರಿನ ಮೇಲೆ ಡಾಂಬರು ಬಿದ್ದು, ರಸ್ತೆ ಅನೇಕ ಕಡೆ ಗೋದಾಮಿನ ಹೊಸ್ತಿಲಿಗಿಂತ ಮೇಲೆ ಬಂದಿದೆ. ಅದನ್ನು ತಡೆಯಲು ಹೊಸ್ತಿಲು ಎತ್ತರಿಸಿ, ಒಳಗೆ ಕಾಂಕ್ರೀಟು ಸುರಿದು ಟೈಲ್ಸ್ ಹಾಕುತ್ತಾರೆ. ನೆಲದಡಿಯ ತೇವಕ್ಕೆ ಆಮೇಲೆ ಮೇಲೇಳಲು ಗೋಡೆ ಬಿಟ್ಟರೆ ಬೇರೆ ಜಾಗವಿಲ್ಲ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಗೋಡೆಯ ಬುಡದಲ್ಲಿ ಮೂರಡಿ ಎತ್ತರಕ್ಕೆ ಬಿಳಿ ಹಿಟ್ಟಿನಂಥ ಉಪ್ಪು ಏಳುತ್ತದೆ. ನೆಲಕ್ಕೆ ಮೊದಲಿದ್ದ ಮಣ್ಣಿನ ಚಪ್ಪಟೆ ಹಂಚು ಅಥವಾ ಕಲ್ಲಿನ ಚಪ್ಪಡಿಯನ್ನು ಸುಣ್ಣದ ಗಾರೆಯಲ್ಲೇ ಮತ್ತೆ ಹಾಕಿ. ಎದ್ದ ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ಹೊರಗೆ ಹಾಕಿ. ತೊಳೆದರೆ ಅದು ಕರಗಿ ವಾಪಸ್ಸು ಗೋಡೆಯೊಳಗೇ ಹೋಗುತ್ತದೆ. ಹೆಚ್ಚಿದ್ದರೆ ಹಳೇ ಕಾಗದವನ್ನು ಮಳೆನೀರಿನಲ್ಲಿ ಅರೆದು ಅರ್ಧ ಇಂಚು ದಪ್ಪ ಮೆತ್ತಿ, ಪೂರ್ತಿ ಒಣಗಿದ ಮೇಲೆ ಕಿತ್ತು ಎಸೆಯಿರಿ. ಮೂರು ಸಲ ಮಾಡಿದರೆ ವ್ಯತ್ಯಾಸ ಕಾಣುತ್ತದೆ.

ಚರಂಡಿಯನ್ನು ಗೋಡೆಗೆ ತಾಗಿಸಿ ತೋಡಬೇಡಿ, ಪಾಯದ ಮಣ್ಣು ಜಾರುತ್ತದೆ. ಸೂರಿನ ನೀರು ಬೀಳುವ ಗೆರೆಯಲ್ಲಿ, ಗೋಡೆಯಿಂದ ಸುಮಾರು 2 ಅಡಿ ದೂರದಲ್ಲಿ ಬರಲಿ. ಮೇಲೆ ಲೆಕ್ಕ ಹಾಕಿದ ಗೋದಾಮಿನ ಮಾಡಿಗೆ, ಗಂಟೆಗೆ 50 ಮಿ.ಮೀ. ಮಳೆ ಬಂದರೆ 8,300 ಲೀಟರ್ ನೀರು ಇಳಿಯುತ್ತದೆ. 4 ಇಂಚಿನ ಒಂದೇ ಪೈಪು ನಂಬಿ ಸೂರಿಗೆ ದಂಬೆ (ಮಳೆನೀರು ಹಿಡಿಯುವ ದೋಣಿ) ಕಟ್ಟಬೇಡಿ, ಎಲೆ ಕಟ್ಟಿಕೊಂಡ ದಿನ ನೀರು ಹಿಂದಕ್ಕೆ ಗೋಡೆಯ ತಲೆಗೇ ಬರುತ್ತದೆ. ಹೊಳೆಗೆ ಬೀಳುವ ಬಾಯಿಗೆ ಒಂದೇ ಕಡೆ ತೆರೆಯುವ ಮುಚ್ಚಳ ಇರಲಿ. ಅಮಾವಾಸ್ಯೆ, ಹುಣ್ಣಿಮೆಯ ಭರತದಲ್ಲಿ (ಉಬ್ಬರದಲ್ಲಿ) ಅಳಿವೆಯ ಉಪ್ಪುನೀರು ಚರಂಡಿ ಹಿಡಿದು ಮೇಲೆ ಬರುತ್ತದೆ.

ಹೊರಗಿನ ಅಳತೆ, ಎತ್ತರ ಬದಲಾಗುವ ಕೆಲಸವಿದ್ದರೆ ಮಹಾನಗರ ಪಾಲಿಕೆಯ ಅನುಮತಿ ಬೇಕು. ದಡಕ್ಕೆ ತಾಗಿದ ಜಾಗಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ಅನ್ವಯವಾಗುತ್ತದೆ. ಜಾಗದ ದಾಖಲೆ ಯಾರ ಹೆಸರಿನಲ್ಲಿದೆ ಅನ್ನುವುದನ್ನು ಕೆಲಸಕ್ಕೆ ಮುಂಚೆಯೇ ನೋಡಿಕೊಳ್ಳಿ.

ಮೊದಲ ಮಳೆ

ಕೆಲಸ ಮುಗಿದ ವರ್ಷ ಜೂನ್‌ನ ಮೊದಲ ಮೂರು ಜೋರು ಮಳೆಗೆ ಮತ್ತೆ ಸೀಮೆಸುಣ್ಣ ಹಿಡಿದು ಒಳಗೆ ನಿಲ್ಲಿ. ಮೊದಲ ಮಳೆಗೆ ಅಲ್ಲಲ್ಲಿ ಹನಿ ಬಿದ್ದರೆ ಕೂಡಲೇ ಮೇಲೆ ಹತ್ತಬೇಡಿ. ಒಣ ಹಂಚು ನೀರು ಕುಡಿದು ತೂಕ ಬಂದ ಮೇಲೆ ಗಾಡಿಯಲ್ಲಿ ಚೆನ್ನಾಗಿ ಕೂರುತ್ತದೆ. ಮೂರನೇ ಮಳೆಗೂ ಅದೇ ಗುರುತಿನ ಮೇಲೆ ಹನಿ ಬಿದ್ದರೆ, ಒದ್ದೆಯ ಗೆರೆಯ ಮೇಲ್ತುದಿಯ ಹಂಚನ್ನು ಒಳಗಿನಿಂದಲೇ ಅಂಗೈಯಲ್ಲಿ ತುಸು ಮೇಲೆತ್ತಿ, ಪಕ್ಕದ ಗಾಡಿಗೆ ಒತ್ತಿ ಬಿಡಿ. ಬಹಳ ಸಲ ರೀಪಿನ ಮೇಲೆ ಉಳಿದ ಒಂದು ಚೂರು ಗಾರೆಯೋ, ಗಾಡಿಯಲ್ಲಿ ಸಿಕ್ಕ ಕಸವೋ ಅಷ್ಟಕ್ಕೆ ಕಾರಣವಾಗಿರುತ್ತದೆ.